ನಾನು ಓದದ ಕೊನೆಯ ಸಾಲು

ಬಳ್ಳಾರಿಯ ನೂರು ವರ್ಷ ಹಳೆಯ ಗ್ರಂಥಾಲಯವೊಂದರಲ್ಲಿ ಸದಸ್ಯರಿಗೆಂದು ತಿಂಗಳಿಗೊಮ್ಮೆ ಕವಿಗೋಷ್ಠಿ ನಡೆಯುತ್ತದೆ. ಸದಸ್ಯಳಾದಾಗಿನಿಂದ ಮೂರು ಸಲ ನಮ್ಮೂರು ಕರೂರಿನಿಂದ ಬಸ್ಸು ಹತ್ತಿ ಹೋಗಿದ್ದೆ. ಮೂರು ಸಲವೂ ನನ್ನ ಸರದಿ ಬರುವ ಮೊದಲೇ ವಂದನಾರ್ಪಣೆ ಶುರುವಾಗಿತ್ತು.

ಈ ಏಪ್ರಿಲ್‌ನಲ್ಲಿ ಕಾರ್ಯದರ್ಶಿ ಕೊಟ್ಟೂರಪ್ಪನವರು, "ಬಾರವ್ವ ಚೈತ್ರಾ, ಲಗೂನ ಮುಗಿಸು, ಚಹಾ ಆರಾಕತ್ತೈತಿ" ಎಂದರು. ಎಲ್ಲರೂ ನಕ್ಕರು.

ಯಾರಿಗೂ ತೋರಿಸದ ಡೈರಿ ತೆರೆದು ಓದಿದೆ. ಕವಿತೆಯ ಕೊನೆಯ ಸಾಲು ಎಷ್ಟು ದಿನವಾದರೂ ಹೊಳೆದಿರಲಿಲ್ಲ, ಹಾಗಾಗಿ ಅದಿಲ್ಲದೆಯೇ ನಿಲ್ಲಿಸಿದೆ. ಕರೆಂಟು ಹೋಗಿ ಫ್ಯಾನು ನಿಂತಿತ್ತು, ಮೈಯೆಲ್ಲ ಬೆವರು. ಆದರೂ ಎಡಗಿವಿಗೆ ತಣ್ಣನೆಯ ಉಸಿರು ತಾಗಿತು. ಅಲ್ಲಿಂದಲೇ ಒಂದು ಹೆಣ್ಣುದನಿ ನಿಧಾನವಾಗಿ ಒಂದು ಸಾಲು ಹೇಳಿತು. ತಿರುಗಿ ನೋಡಿದರೆ ಬೀಗ ಹಾಕಿದ ಪುಸ್ತಕದ ಕಪಾಟು.

ಚಪ್ಪಾಳೆ ಜೋರಾಗಿ ಬಿತ್ತು.

"ಆ ಕೊನಿ ಸಾಲು ಐತಲ್ಲ, ಅದೊಂದ ಸಾಕು ನೋಡವ್ವ" ಎಂದರು ಕೊಟ್ಟೂರಪ್ಪನವರು.

"ಅದನ್ನ ನಾ ಓದಿಲ್ರಿ ಸರ್."

"ಇಷ್ಟ್ಯಾಕ ನಾಚಿಕಿ? ಮುಂದಿನ ತಿಂಗಳು ನಿನಗ ಮೊದಲ ಸರದಿ."

ಅಳು ಬರುವಷ್ಟು ಸಿಟ್ಟು ಬಂತು. ನಾನು ಬರೆದ ಹದಿನೈದು ಸಾಲುಗಳಲ್ಲಿ ಒಂದೂ ಯಾರಿಗೂ ನೆನಪಿರಲಿಲ್ಲ.

ನಾನು ಓದುವಾಗ ಕೊಟ್ಟೂರಪ್ಪನವರು ಫೋನಿನಲ್ಲಿ ತೆಗೆದು ಸದಸ್ಯರ ಗ್ರೂಪಿಗೆ ಹಾಕಿದ ವಿಡಿಯೊವನ್ನು ಬಸ್ಸಿನಲ್ಲಿ ನೋಡಿದೆ. ಮೂವತ್ತೆರಡು ಜನ ಭೇಷ್ ಎಂದಿದ್ದಾರೆ. ಆ ಸಾಲು ಸ್ಪಷ್ಟವಾಗಿ ಕೇಳುತ್ತದೆ. ಅಷ್ಟು ಹೊತ್ತೂ ನನ್ನ ಬಾಯಿ ಮುಚ್ಚಿಯೇ ಇದೆ.