ಪಾಷಾ ಭಾಯ್ ಅಂಗಡಿಯ ಚೀಲ

ಸಿನಿಮಾಕ್ಕೆ ಐದಕ್ಕೆ ಎರಡೂವರೆ ಸ್ಟಾರ್ ಕೊಟ್ಟ ಜನ ಮಿಸ್ಬಾಳ ಅಬ್ಬಾಗೆ ಐದಕ್ಕೆ ಐದು ಕೊಟ್ಟಿದ್ದರು. ಅವಳ ಮೈ ಉರಿಯುತ್ತಿದ್ದದ್ದು ಅದಕ್ಕೇ.

"ಕಥೆ ಡಬ್ಬಾ, ಲೈಟಿಂಗ್ ಡಬ್ಬಾ, ಹೀರೋ ಬಗ್ಗೆ ಅಂತೂ ಕೇಳ್ಬೇಡಿ. ಆದ್ರೆ ಕದ್ದ ದುಡ್ಡು ಬಚ್ಚಿಡೋ ಹಣ್ಣಿನ ಅಂಕಲ್ ಇದ್ದಾನಲ್ಲ, ಬೆಂಕಿ ಗುರು!" ಎಂದು ಒಬ್ಬ. "ಮುಖ ನೋಡಿದ್ರೇ ಗೊತ್ತಾಗುತ್ತೆ, ಹುಟ್ಟು ಕಳ್ಳ" ಎಂದು ಇನ್ನೊಬ್ಬ. ಅದಕ್ಕೆ ನಾನೂರು ಲೈಕು. ಹಲಸೂರಿನ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಕನ್ನಡ ಟೀಚರ್ ಮಿಸ್ಬಾ ಒಂದೊಂದನ್ನೂ ಓದಿದಳು. ಎಂಟನೇ ಕ್ಲಾಸಿನ ನೋಟ್‌ಬುಕ್ ತಿದ್ದಬೇಕಾದ ಕೆಂಪು ಪೆನ್ನು ಕೈಯಲ್ಲೇ ಇತ್ತು. ಈ ಮಹನೀಯರಿಗೆಲ್ಲ ಸಾಲಾಗಿ ಸೊನ್ನೆ ಸುತ್ತೋಣವೆಂದರೆ ಫೋನಿನ ಮೇಲೆ ಪೆನ್ನು ಓಡುವುದಿಲ್ಲವಲ್ಲ!

ಹುಟ್ಟು ಕಳ್ಳನಂತೆ! ಅವಳಪ್ಪ ಅಹ್ಮದ್ ಪಾಷಾ ರಸೆಲ್ ಮಾರುಕಟ್ಟೆಯಲ್ಲಿ ಮೂವತ್ತು ವರ್ಷದಿಂದ ಹಣ್ಣು ಮಾರುವವರು. ನಟನೆ ಅವರಿಗೆ ಎಲ್ಲಿಂದ ಬರಬೇಕು? ಅವರ ಗಿರಾಕಿಗಳು ಮೊದಲು ಕೈಯಲ್ಲಿರುವ ಭಾರದ ಚೀಲ ಕೊಡುತ್ತಾರೆ. "ಪಾಷಾ ಭಾಯ್, ಇದನ್ನ ನೋಡ್ಕೊಳ್ಳಿ, ಹೂವು ತಗೊಂಡು ಬಂದೆ" ಎಂದು ಹೊರಟುಬಿಡುತ್ತಾರೆ. ಅಬ್ಬಾ ಆ ಕಡೆ ಈ ಕಡೆ ಒಮ್ಮೆ ನೋಡಿ, ಚೀಲವನ್ನು ಹಲಗೆಯ ಕೆಳಗೆ ತಳ್ಳುತ್ತಾರೆ. ಚಿಕ್ಕವಳಿದ್ದಾಗ ಮಿಸ್ಬಾ ಒಮ್ಮೆ ಯಾರದೋ ಚೀಲದೊಳಗೆ ಇಣುಕಿ ಕಿವಿ ಹಿಂಡಿಸಿಕೊಂಡಿದ್ದಳು. "ಬೇರೆಯವರ ಚೀಲದಲ್ಲಿ ಏನಿದೆ ಅಂತ ಕೇಳ್ಬಾರ್ದು ಬೇಟಿ. ನೋಡ್ಕೋಬೇಕು, ಅಷ್ಟೇ."

'ಕದ್ದ ಗಂಟು' ಎಂಬ ಆ ಸಿನಿಮಾದವರು ಶೂಟಿಂಗ್ ದಿನ "ನೀವು ಸುಮ್ನೆ ವ್ಯಾಪಾರ ಮಾಡ್ತಿರಿ ಚಾಚಾ" ಎಂದಿದ್ದರು. ಹೀರೋ ಒಂದು ಚೀಲ ಕೊಟ್ಟ, ಅಬ್ಬಾ ಎಂದಿನಂತೆ ಆ ಕಡೆ ಈ ಕಡೆ ನೋಡಿ ಕೆಳಗೆ ತಳ್ಳಿದರು. ಪರದೆಯ ಮೇಲೆ ನೋಡಿದರೆ ಆ ಚೀಲದ ತುಂಬ ಲೂಟಿ ಮಾಡಿದ ದುಡ್ಡು, ಹಿಂದೆ ಢಂ ಢಂ ಅಂತ ಮ್ಯೂಸಿಕ್ಕು.

ಆ ಚೀಲ ಕೊಡಿಸಿದವನು ಆಸಿಮ್. ಮಿಸ್ಬಾಳಿಗೆ ನುಂಗಲಾರದ ತುತ್ತು ಇದೇ.

ಆಸಿಮ್ ಆ ಸಿನಿಮಾದ ಅಸಿಸ್ಟೆಂಟ್ ಡೈರೆಕ್ಟರ್, ಫ್ರೇಜರ್ ಟೌನಿನವನು. ಲೊಕೇಶನ್ ನೋಡಲು ಬಂದು ಎರಡು ಕೆಜಿ ಸೀಬೆಹಣ್ಣು ಕೊಂಡ. ಮರುದಿನ ಮತ್ತೆ ಎರಡು ಕೆಜಿ.

"ಇಷ್ಟೊಂದು ಸೀಬೆಹಣ್ಣು ಯಾರಿಗ್ರೀ?" ರಜೆಯೆಂದು ಅಂಗಡಿಯಲ್ಲಿ ಕೂತಿದ್ದ ಮಿಸ್ಬಾ ಕೇಳಿದ್ದಳು.

"ಯೂನಿಟ್‌ಗೆ."

"ಯೂನಿಟ್‌ನಲ್ಲಿ ಎಷ್ಟು ಜನ?"

"ಸದ್ಯಕ್ಕೆ ನಾನೊಬ್ನೇ."

ಅವಳು ತಕ್ಕಡಿ ನೋಡುವ ನೆವದಲ್ಲಿ ತಲೆ ತಗ್ಗಿಸಿ ನಕ್ಕಳು. ಅವನು ಅದನ್ನು ನೋಡಿಯೇಬಿಟ್ಟ. ಎಂಟು ತಿಂಗಳಲ್ಲಿ 'ನೀವು' ಹೋಗಿ 'ನೀನು' ಬಂತು. "ಸಿನಿಮಾ ರಿಲೀಸ್ ಆಗ್ಲಿ, ಅಮ್ಮಿನ ಕರ್ಕೊಂಡು ಬಂದು ಚಾಚಾನ ಕೇಳ್ತೀನಿ" ಎಂದಿದ್ದ. ಅವಳು ದಿನ ಎಣಿಸುತ್ತಿದ್ದಳು.

ರಿಲೀಸ್ ಆಯಿತಲ್ಲ, ಆಗಬಾರದ್ದೂ ಆಯಿತು.

ಶನಿವಾರ ಮಧ್ಯಾಹ್ನ ಮಿಸ್ಬಾ ಅಂಗಡಿಗೆ ಬಂದಾಗ ಯಾರೋ ಇಬ್ಬರು ಸೆಲ್ಫಿ ತೆಗೆದುಕೊಳ್ಳುತ್ತ, "ಅಂಕಲ್, ದುಡ್ಡು ಎಲ್ಲಿಟ್ಟಿದ್ದೀರಾ?" ಎಂದು ಹಲ್ಲು ಕಿರಿಯುತ್ತಿದ್ದರು. ಅಬ್ಬಾ ಪಾಪ, ಅವರ ಜೊತೆ ತಾವೂ ನಕ್ಕರು. ಆಮೇಲೆ ಕೆ.ಆರ್. ಪುರದ ಗಂಗಲಕ್ಷ್ಮಮ್ಮ ಬಂದರು, ಇಪ್ಪತ್ತು ವರ್ಷದ ಗಿರಾಕಿ. ಟಿನ್ ಫ್ಯಾಕ್ಟರಿಯಲ್ಲಿ ಬಸ್ ಹತ್ತಿದಾಗಿನಿಂದ ಹೊತ್ತು ತಂದ ಚೀಲವನ್ನು ಉಸ್ಸಪ್ಪಾ ಎಂದು ಹಲಗೆಯ ಮೇಲಿಟ್ಟರು.

"ಬೇಡಮ್ಮ," ಎಂದರು ಅಬ್ಬಾ. "ನಿಮ್ಮ ಹತ್ರಾನೇ ಇರ್ಲಿ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಮೇಲೆ ಬರುತ್ತೆ."

"ಇದೇನ್ ಪಾಷಾ? ಇಪ್ಪತ್ತು ವರ್ಷದಿಂದ ಇಲ್ದಿದ್ದ ಹೆಚ್ಚುಕಮ್ಮಿ ಈಗೇನ್ ಬಂತು?"

ಅಬ್ಬಾ ಸೇಬು ಒರೆಸತೊಡಗಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಗಂಗಲಕ್ಷ್ಮಮ್ಮ ಗೊಣಗುತ್ತ ಚೀಲ ಹೊತ್ತು ಹೋದರು. ಮಿಸ್ಬಾ ಅಳುವ ಬದಲು ಆಸಿಮ್‌ಗೆ ಫೋನ್ ಮಾಡಿದಳು.

ಎದುರಿನ ಚಹಾದಂಗಡಿಗೆ ಅವನು ಮುಖವೆಲ್ಲ ನಗು ಮಾಡಿಕೊಂಡು ಬಂದ. ಚಹಾ ಕುಡಿಯುವಾಗಲೂ ಅವನು ಇಳಿಸದ ಬ್ಯಾಗೊಂದು ಎಂದಿನಂತೆ ಹೆಗಲಲ್ಲೇ ಇತ್ತು. "ನೋಡಿದ್ಯಾ? ಚಾಚಾ ಸ್ಟಾರ್ ಆಗ್ಬಿಟ್ರು!"

"ಕೂತ್ಕೊಳ್ಳಿ."

ಅವನ ನಗು ಅರ್ಧಕ್ಕೇ ನಿಂತಿತು. ಕೋಪ ಬಂದರೆ ಮಿಸ್ಬಾ ಮನೆಮಾತಾದ ಉರ್ದು ಬಿಟ್ಟು ಕನ್ನಡದಲ್ಲೇ ಬೈಯುವವಳು, ಅದೂ ಬಹುವಚನದಲ್ಲಿ.

"ನಿಮ್ಮ ಅಮ್ಮಿ ಮಾರ್ಕೆಟ್‌ಗೆ ಬಂದ್ರೆ ಚೀಲ ಎಲ್ಲಿಡ್ತಾರೆ?"

ಅವನು ಚಹಾ ಲೋಟ ತಿರುಗಿಸಿದ. "ಚಾಚಾ ಹತ್ರ."

"ಒಂದಿನ ಆದ್ರೂ ಏನಾದ್ರೂ ಕಳೆದಿದ್ಯಾ?"

"ಇಲ್ಲ."

"ಡೈರೆಕ್ಟರ್‌ಗೆ ಇದೆಲ್ಲ ಗೊತ್ತಿಲ್ಲ. ಕಾಮೆಂಟ್ ಹಾಕೋರಿಗೂ ಗೊತ್ತಿಲ್ಲ. ನಿಮಗೆ ಗೊತ್ತಿತ್ತು ರೀ! ಉಂಡ ಮನೆ ಜಂತೆ ಎಣಿಸಿದ್ರಲ್ಲ!"

"ಆ ಶಾಟ್ ಮಾರ್ಕೆಟ್ ಫೀಲ್‌ಗೆ ಅಂತ ತೆಗೆದಿದ್ದು. ಎಡಿಟಿಂಗ್‌ನಲ್ಲಿ ಡೈರೆಕ್ಟರ್ ಕಥೆ ತಿರುಗಿಸಿದ್ರು."

"ಬೇಡ ಅಂದ್ರಾ ನೀವು?"

ಅವನು ತಲೆ ತಗ್ಗಿಸಿದ. "ಮುಂದಿನ ಸಿನಿಮಾಗೆ ಕೋ-ಡೈರೆಕ್ಟರ್ ಮಾಡ್ತೀನಿ ಅಂದಿದ್ರು. ಬಾಯಿ ಬರ್ಲಿಲ್ಲ. ಆಮೇಲೆ ಜನ ಹೊಗಳ್ತಿದ್ದಾರಲ್ಲ ಅಂತ..."

"ಕಳ್ಳ ಅಂತ ಹೊಗಳ್ತಿದ್ದಾರೆ!" ಪಕ್ಕದ ಬೆಂಚಿನವರು ತಿರುಗಿ ನೋಡಿದರು. ನೋಡಲಿ. "ನಮ್ಮಬ್ಬಾ ಇವತ್ತು ಒಬ್ಬರ ಚೀಲ ಬೇಡ ಅಂದ್ರು. ಮೂವತ್ತು ವರ್ಷದಲ್ಲಿ ಮೊದಲನೇ ಸಲ. ಅವರ ಧೈರ್ಯ ಕದ್ದಿದ್ದು ನೀವು. ಅದನ್ನ ವಾಪಸ್ ತಂದಿಡಿ. ಅಲ್ಲಿವರೆಗೂ ಅಮ್ಮಿನ ಕರ್ಕೊಂಡು ಬರೋ ತೊಂದರೆ ತಗೋಬೇಡಿ."

ಎದ್ದು ಬಂದುಬಿಟ್ಟಳು. ಪ್ರೀತಿ ಸತ್ತಿತ್ತೆಂದಲ್ಲ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾಲ್ಕು ಮಾತು ಬೈದು ಮರೆಯುತ್ತಿದ್ದಳು; ಅವನಾಗಿದ್ದಕ್ಕೇ ಇಷ್ಟು ಸಂಕಟ.

ಬುಧವಾರ ಒಂದು ವಿಡಿಯೋ ಬಂತು. ಥಿಯೇಟರ್ ಮುಂದೆ ಮೈಕ್ ಹಿಡಿದು ಪ್ರೇಕ್ಷಕರ ಅಭಿಪ್ರಾಯ ಕೇಳುವ ಯೂಟ್ಯೂಬಿನವರೆದುರು ಆಸಿಮ್ ನಿಂತಿದ್ದ.

"ಸಿನಿಮಾ ಹೇಗಿದೆ ಸರ್?"

"ನಾನು ಇದರ ಅಸಿಸ್ಟೆಂಟ್ ಡೈರೆಕ್ಟರ್. ಆ ಹಣ್ಣಿನಂಗಡಿಯವರು ನಟ ಅಲ್ಲ, ಕಳ್ಳನೂ ಅಲ್ಲ. ನಮ್ಮಮ್ಮಿಯ ಚೀಲಾನೂ ಕಾಯೋರು. ಅವರನ್ನ ಒಂದು ಮಾತೂ ಕೇಳದೆ ಕಳ್ಳ ಮಾಡಿದ್ದು ನಾವು. ಗೊತ್ತಿದ್ದೂ ಸುಮ್ನಿದ್ದವನು ನಾನು. ನನ್ನ ಕಡೆಯಿಂದ ಸೊನ್ನೆ ಸ್ಟಾರ್."

ಅದಕ್ಕೂ ಕಾಮೆಂಟು ಬಂದವು. "ಪಬ್ಲಿಸಿಟಿ ಸ್ಟಂಟ್ ಮಗಾ." "ಇವನದ್ದೂ ಓವರ್ ಆಕ್ಟಿಂಗ್." ಈ ಜನಕ್ಕೆ ಏನು ಹೇಳಬೇಕೋ! ಮುಂದಿನ ಸಿನಿಮಾ ಅವನ ಕೈತಪ್ಪಿದ ಸುದ್ದಿ ಯೂನಿಟ್‌ನವರ ಬಾಯಿಂದ ತಿಳಿಯಿತು, ಅವನಾಗಿ ಹೇಳಲಿಲ್ಲ. ಮಿಸ್ಬಾ ವಿಡಿಯೋವನ್ನು ಆರು ಸಲ ನೋಡಿ, ಏಳನೆಯ ಸಲ ಅಬ್ಬಾಗೆ ತೋರಿಸಿದಳು. "ಒಳ್ಳೇ ಹುಡುಗ" ಎಂದರು ಅವರು. ಆದರೂ ಯಾರ ಚೀಲವನ್ನೂ ಇಟ್ಟುಕೊಳ್ಳಲಿಲ್ಲ.

ಶನಿವಾರ ಆಸಿಮ್ ಅಂಗಡಿಗೇ ಬಂದ. ಹೆಗಲಿನಿಂದ ಬ್ಯಾಗ್ ಇಳಿಸಿ ಹಲಗೆಯ ಮೇಲಿಟ್ಟ. "ಚಾಚಾ, ಇದನ್ನ ಸ್ವಲ್ಪ ನೋಡ್ಕೊಳ್ಳಿ."

"ಬೇಡ ಬೇಟಾ." ಅಬ್ಬಾ ಕೈ ಹಿಂದಕ್ಕೆ ತೆಗೆದುಕೊಂಡರು.

"ಇಟ್ಕೊಳ್ಳಲ್ಲ ಅಂದ್ರೆ ಇಲ್ಲೇ ನಿಂತಿರ್ತೀನಿ. ವ್ಯಾಪಾರಕ್ಕೆ ಅಡ್ಡ ಆಗುತ್ತೆ ನೋಡಿ."

ಅಷ್ಟರಲ್ಲಿ ಗಂಗಲಕ್ಷ್ಮಮ್ಮ ಹಿಂದಿನಿಂದ ಬಂದು ತಮ್ಮ ಚೀಲವನ್ನೂ ಪಕ್ಕದಲ್ಲಿ ಧೊಪ್ಪನೆ ಇಟ್ಟರು. "ಹೋದ್ವಾರ ಹೊತ್ತೂ ಹೊತ್ತೂ ಭುಜ ಬಿದ್ದೋಯ್ತು ಕಣಪ್ಪಾ ಪಾಷಾ. ಯಾವನೋ ಏನೋ ಅಂದಿದ್ದಕ್ಕೆ ನಾನ್ಯಾಕೆ ಹೊರ್ಬೇಕು? ಇಬ್ರದೂ ಇಡು." ಉತ್ತರಕ್ಕೂ ಕಾಯದೆ ಹೂವಿನ ಸಾಲಿಗೆ ನಡೆದೇಬಿಟ್ಟರು.

ಅಬ್ಬಾ ಎರಡು ಚೀಲಗಳನ್ನೂ ನೋಡುತ್ತ ಕೂತರು. ಮಿಸ್ಬಾ ಆಸಿಮ್‌ನನ್ನು ನೋಡಿದಳು. ಗಡ್ಡ ಬೆಳೆದಿತ್ತು. ನಿದ್ದೆಗೆಟ್ಟ ಕಣ್ಣು ಅವಳ ಕಣ್ಣಿಗೆ ಸಿಕ್ಕಿ, ಗಾಬರಿಯಿಂದ ಸೀಬೆಹಣ್ಣಿನ ಕಡೆ ಓಡಿತು. ಅವಳಿಗೆ ನಗು ಬರುವಂತಾಯಿತು, ತುಟಿ ಕಚ್ಚಿಕೊಂಡಳು.

"ಬ್ಯಾಗ್ ಬಿಟ್ಟು ಎಲ್ಲಿಗೆ ಹೋಗ್ತೀರಾ?"

"ಮನೆಗೆ. ಅಮ್ಮಿನ ಕರ್ಕೊಂಡು ಬರೋಣ ಅಂತ. ಬೇಡ ಅಂದ್ರೆ ಕರ್ಕೊಂಡು ಬರಲ್ಲ. ಬ್ಯಾಗ್ ಮಾತ್ರ ಇಲ್ಲೇ ಇರ್ಲಿ."

ಅವಳು ಬ್ಯಾಗ್ ಎತ್ತಿಕೊಂಡಳು. ಕೈ ಜಗ್ಗುವಷ್ಟು ಭಾರವಿತ್ತು. "ಏನಿದೆ ಇದ್ರಲ್ಲಿ?" ಎಂದು ಬಾಯಿತಪ್ಪಿ ಕೇಳಿಬಿಟ್ಟಳು.

"ಏ ಮಿಸ್ಬಾ!" ಅಬ್ಬಾ ಗದರಿದರು. ಆ ಗದರಿಕೆ ಕೇಳಿ ಎಷ್ಟು ದಿನವಾಗಿತ್ತು! "ಬೇರೆಯವರ ಚೀಲದಲ್ಲಿ ಏನಿದೆ ಅಂತ ಕೇಳ್ಬಾರ್ದು. ಕೊಡು ಇಲ್ಲಿ."

ಬ್ಯಾಗನ್ನು ಅವಳ ಕೈಯಿಂದ ತೆಗೆದುಕೊಂಡು, ಆ ಕಡೆ ಈ ಕಡೆ ಒಮ್ಮೆ ನೋಡಿ, ಹಲಗೆಯ ಕೆಳಗೆ ತಳ್ಳಿದರು. ಗಂಗಲಕ್ಷ್ಮಮ್ಮನ ಚೀಲವನ್ನೂ ಅದರ ಪಕ್ಕಕ್ಕೆ ತಳ್ಳಿದರು.

ಆಸಿಮ್ ಇನ್ನೂ ನಿಂತೇ ಇದ್ದ.

"ನಿಂತ್ಕೊಂಡು ಏನ್ ನೋಡ್ತಿದ್ದೀಯಾ?" ಎಂದಳು ಮಿಸ್ಬಾ. "ಹೋಗು, ಅಮ್ಮಿನ ಕರ್ಕೊಂಡು ಬೇಗ ಬಾ."