ತೂಗಲಾಗದ ಮಡಿಲು

ಹೊಳೆಗಳಿಗೂ ಮಾತು ಬರುತ್ತಿದ್ದ ಕಾಲ. ರಾಗಿನಾಡು, ಬೆಲ್ಲದನಾಡು ಅಂತ ಎರಡು ರಾಜ್ಯಗಳಿದ್ದವು. ನಡುವೆ ಹೊಳೆ, ಹೊಳೆಗೆ ಒಂದೇ ಸೇತುವೆ. ರಾಗಿ ಆಚೆಗೆ ಹೋಗುತ್ತಿತ್ತು, ಬೆಲ್ಲ ಈಚೆಗೆ ಬರುತ್ತಿತ್ತು.

ಒಂದು ದಿನ ಕರಾಳಕೇತು ಎಂಬ ಮಾಂತ್ರಿಕ ಬಂದ. "ಆಚೆಯವರು ನಿಮ್ಮನ್ನು ದೋಚುತ್ತಿದ್ದಾರೆ" ಎಂದು ಈ ರಾಜನ ಕಿವಿ ಊದಿದ. ಅದೇ ಮಾತನ್ನು ಆ ರಾಜನ ಕಿವಿಗೂ ಊದಿದ. ಇಬ್ಬರೂ ನಂಬಿದರು. ರಾಜರಲ್ಲವೇ! ಸೇತುವೆಯ ನಡುವೆ ಮಾಂತ್ರಿಕನ ಬಾಯಿರುವ ತಕ್ಕಡಿ ಬಂದು ನಿಂತಿತು. ಅದಕ್ಕೆ ಸುಂಕ ಕೊಡದೆ ಒಂದು ಕಾಳೂ ದಾಟುವಂತಿಲ್ಲ. ಇಲ್ಲಿ ಕಣಜದಲ್ಲೇ ರಾಗಿ ಮುಗ್ಗಿತು. ಅಲ್ಲಿ ಮಕ್ಕಳು ಹಸಿದವು.

ರಾಗಿನಾಡಿನ ದುಗ್ಗಮ್ಮನ ತಂಗಿ ನೀಲಮ್ಮನನ್ನು ಆಚೆ ದಡಕ್ಕೆ ಕೊಟ್ಟಿದ್ದರು. ಅವಳ ಕೂಸಿಗೆ ಆರು ತಿಂಗಳು, ರಾಗಿ ಸರಿ ತಿನ್ನುವ ವಯಸ್ಸು. ಅದು ಹಸಿದು ಅಳುವ ಸದ್ದು ಹೊಳೆ ದಾಟಿ ಕೇಳುತ್ತಿತ್ತು.

ದುಗ್ಗಮ್ಮ ಒಂದು ಮೂಟೆ ರಾಗಿ ಹೊತ್ತು ಹೋದಳು. "ಅರ್ಧ ಈ ರಾಜನಿಗೆ, ಅರ್ಧ ಆ ರಾಜನಿಗೆ" ಎಂದು ತಕ್ಕಡಿ ನುಂಗಿತು. ಬರೀ ಚೀಲ ಉಳಿಯಿತು.

ಎರಡನೆಯ ಸಲ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಹಿಟ್ಟು ಒಯ್ದಳು. "ಹಿಟ್ಟಾದರೆ ಸುಂಕ ಎರಡರಷ್ಟು" ಎಂದ ತಕ್ಕಡಿ ಹಿಟ್ಟನ್ನೂ ನುಂಗಿತು, ಅವಳ ಕಾಲ್ಗಡಗವನ್ನೂ ಕಿತ್ತುಕೊಂಡಿತು.

"ನಿನ್ನ ಹೊಟ್ಟೆಗೆ ಬೆಂಕಿ ಬೀಳ!" ಎಂದು ಬೈದು, ಮನೆಗೆ ಬಂದು ಅತ್ತಳು. ಅಳುತ್ತಲೇ ನೆನಪಾಯಿತು: ಹೆತ್ತ ತಂಗಿಗೆ ತವರಿನವರು ಇನ್ನೂ ಮಡಿಲು ತುಂಬಿಲ್ಲ!

ಮೂರನೆಯ ಸಲ ಸೇತುವೆಯ ಮೇಲೆ ನಿಂತು ಕೂಗಿದಳು. "ನೀಲಾ, ಬಾರೇ! ಸೆರಗೊಡ್ಡೇ!"

ನೀಲಮ್ಮ ಕೂಸನ್ನು ಸೊಂಟಕ್ಕೇರಿಸಿ ಓಡಿಬಂದಳು. ತಕ್ಕಡಿಯ ಆಚೆ ಅವಳು, ಈಚೆ ಇವಳು. ದುಗ್ಗಮ್ಮ ಕೈ ಚಾಚಿ ತಂಗಿಗೆ ಕುಂಕುಮವಿಟ್ಟಳು. ಬೊಗಸೆ ಬೊಗಸೆ ರಾಗಿ ಸುರಿದಳು.

"ಎಷ್ಟು ಬೊಗಸೆ? ಎಣಿಸು!" ಸದ್ದು ಕೇಳಿ ಓಡಿಬಂದ ಕರಾಳಕೇತು ಕಿರುಚಿದ.

"ಮಡಿಲು ತುಂಬುವಾಗ ಎಣಿಸುತ್ತಾರೇನೋ ಮೂಳ? ನಿಮ್ಮಮ್ಮನಿಗೆ ತವರಿರಲಿಲ್ಲವಾ?"

"ಹಾಗಾದರೆ ತೂಗಬೇಕು!"

"ತೂಗು. ಆದರೆ ತುಂಬಿದ ಮಡಿಲನ್ನು ಬಿಚ್ಚುವಂತಿಲ್ಲ. ಮನೆಮಗಳ ಸಮೇತ ತೂಗು."

ನೀಲಮ್ಮ ಕೂಸಿನೊಂದಿಗೆ ತಟ್ಟೆಯಲ್ಲಿ ಕೂತಳು. ಮಾಂತ್ರಿಕ ಎದುರು ತಟ್ಟೆಗೆ ಕಲ್ಲು ಹೇರಿದ. ಕಬ್ಬಿಣ ಹೇರಿದ. ಕೊನೆಗೆ ತಾನೇ ಹತ್ತಿ ಕೂತ. ನೀಲಮ್ಮನ ತಟ್ಟೆ ಸೇತುವೆ ಬಿಟ್ಟು ಕೂದಲೆಳೆಯಷ್ಟೂ ಮೇಲೇಳಲಿಲ್ಲ. ಕೂಸು ಕಿಲಕಿಲ ನಕ್ಕಿತು. ಲಟಕ್ಕನೆ ತಕ್ಕಡಿಯ ಕೋಲು ಮುರಿದು, ಮೇಲೆ ತೂಗಾಡುತ್ತಿದ್ದ ಮಾಂತ್ರಿಕ ಹೊಳೆಗೆ ಬಿದ್ದ.

"ಇವನಿಗೂ ಸುಂಕ ಉಂಟಾ?" ಎಂದಿತು ಹೊಳೆ.

"ಬಿಟ್ಟಿ, ಒಯ್ಯಿ" ಎಂದಳು ದುಗ್ಗಮ್ಮ.

ರಾಜರಿಬ್ಬರೂ ನಾಚಿ ದಾರಿ ಬಿಟ್ಟರು. ಅಂದಿನಿಂದ ಪ್ರತಿ ಸುಗ್ಗಿಯಲ್ಲೂ ಮೊದಲು ಹೆಣ್ಣುಮಕ್ಕಳ ಮಡಿಲು ದಾಟುತ್ತಿತ್ತು, ಆಮೇಲೆ ಗಾಡಿಗಳು. ಎರಡೂ ನಾಡು ಹೊಟ್ಟೆತುಂಬ ಉಂಡವು.

ಮಾಂತ್ರಿಕ ಬಿದ್ದ ಆ ಸಂಜೆಯೇ ಅಕ್ಕನ ರಾಗಿಗೆ ತಂಗಿಯ ಬೆಲ್ಲ ಬಿತ್ತು. ಸರಿ ತಿಂದ ಕೂಸು ಮೂತಿ ಒರೆಸಲೂ ಬಿಡದೆ ದುಗ್ಗಮ್ಮನ ಮಡಿಲಲ್ಲಿ ನಿದ್ದೆಹೋಯಿತು.