ಸದ್ದಿಲ್ಲದ ಗಾಡಿಗಳ ಓಣಿ

ಮಂಗಳವಾರ ಬೆಳಗ್ಗೆ ಒಂಬತ್ತರ ಸುಮಾರಿಗೆ ಠಾಣೆಗೆ ದೂರು ತಂದವನು ಸತ್ತವಳ ಮನೆಯವನಲ್ಲ, ಅವಳಿಗೆ ಕೆಲಸ ಕೊಟ್ಟವನು. ಗುಡ್ಡದ ಮೇಲಿನ ಹಳೆಯ ಕೋಟೆಯಿಂದ ಕೆಳಗಿನ ಚೌಕದವರೆಗೆ ಪ್ರವಾಸಿಗರನ್ನು ಎಲೆಕ್ಟ್ರಿಕ್ ಬೈಕುಗಳಲ್ಲಿ ಸಾಲಾಗಿ ಕರೆದೊಯ್ದು ಊರು ತೋರಿಸುವ ಕಂಪನಿ ಅವನದು. ಶರ್ಟಿನ ತೋಳಿನಲ್ಲಿ ರಕ್ತ ಒಣಗಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಆಕ್ಸಿಡೆಂಟ್ ಮೇಡಂ. ನಮ್ಮ ಗೈಡ್ ಹುಡುಗಿ. ಆಸ್ಪತ್ರೆಗೆ ಹೋಗೋ ದಾರೀಲೇ ಹೋಗ್ಬಿಟ್ಲು."

"ಎಲ್ಲಿ?" ಇನ್‌ಸ್ಪೆಕ್ಟರ್ ಕೇಳಿದಳು.

"ಕಮಾನು ದಾಟಿದ ತಕ್ಷಣ ಇಳಿಜಾರು ಓಣಿ ಇದೆಯಲ್ಲ, ಅಲ್ಲಿ. ಮುಂದಿನ ಚಕ್ರಕ್ಕೆ ಏನೋ ಕಸ ಸಿಕ್ಕಾಕೊಂಡಿದೆ."

"ಹೆಲ್ಮೆಟ್ ಇತ್ತಾ?"

"ಇತ್ತು. ಕತ್ತು ಉಳೀಲಿಲ್ಲ."

"ಆ ಕಸ ಎಲ್ಲಿ?"

"ಬೈಕಲ್ಲೇ ಇದೆ. ನಾವೇನೂ ಮುಟ್ಟಿಲ್ಲ. ಅಂದ್ರೆ, ಬೈಕನ್ನ ಎತ್ತಿ ಗೋಡೆಗೆ ಒರಗಿಸಿದ್ವಿ, ಅಷ್ಟೇ."

ಮುಟ್ಟಿಲ್ಲ ಎಂದು ಹೇಳಿ ಆಮೇಲೆ 'ಅಷ್ಟೇ' ಸೇರಿಸುವವರನ್ನು ಇನ್‌ಸ್ಪೆಕ್ಟರ್ ಹದಿನೈದು ವರ್ಷಗಳಿಂದ ನೋಡುತ್ತಿದ್ದಳು. ಟೋಪಿ ತೆಗೆದುಕೊಂಡು ಎದ್ದಳು. ಜೊತೆಗೆ ಹೆಡ್ ಕಾನ್‌ಸ್ಟೇಬಲ್ ಹೊರಟ. ಅವನನ್ನು ಠಾಣೆಯವರೆಲ್ಲ 'ಪಂಚನಾಮೆ ಮಾವ' ಎನ್ನುತ್ತಿದ್ದರು. ಗೋಡೆಯ ಮೇಲೆ ಹಲ್ಲಿ ಕೂತಿದ್ದರೂ ಅದರ ಬಾಲ ಯಾವ ದಿಕ್ಕಿಗಿತ್ತು ಎಂದು ಬರೆಯದೆ ಸಹಿ ಹಾಕಿಸಿಕೊಳ್ಳುವ ಪೈಕಿಯವನಲ್ಲ.

ಓಣಿ ಕಲ್ಲುಹಾಸಿನದು. ಕಮಾನಿನ ಕೆಳಗೆ ನೆರಳು, ದಾಟಿದರೆ ಕಣ್ಣು ಕುಕ್ಕುವ ಬಿಸಿಲು. ಮೊದಲು ಎದುರುಬದುರಾಗಿ ಎರಡು ಪಾಳುಮನೆಗಳು, ಸ್ವಲ್ಪ ಕೆಳಗೆ ಜನ ವಾಸವಿರುವ ಮನೆಗಳ ಸಾಲು. ಗೋಡೆಗೆ ಒರಗಿದ್ದ ಬೈಕಿನ ಮುಂದಿನ ಚಕ್ರಕ್ಕೆ ಜಡೆಯಂತೆ ಹೆಣೆದ ದಾರ ಸುತ್ತಿಕೊಂಡಿತ್ತು. ಅದರ ಒಂದು ತುದಿಯಲ್ಲಿ ಗಂಟು ಇನ್ನೂ ಬಿಗಿಯಾಗಿಯೇ ಇತ್ತು.

"ಕಸಕ್ಕೆ ಯಾರು ಗಂಟು ಹಾಕ್ತಾರೆ ಮಾವ?"

ಹೆಡ್ ಕಾನ್‌ಸ್ಟೇಬಲ್ ಆಗಲೇ ಪಾಳುಮನೆಯ ಕಿಟಕಿಯ ಸರಳಿನ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟಿದ್ದ. ಸರಳಿಗೆ ಅದೇ ದಾರದ ತುಂಡು ಕಟ್ಟಿತ್ತು. ಓಣಿಯ ಇನ್ನೊಂದು ಬದಿಯ ಕಬ್ಬಿಣದ ಕಂಬಿಯಲ್ಲಿ ತುಕ್ಕು ಉಜ್ಜಿಹೋದ ಹೊಸ ಗುರುತು ಇತ್ತು. ಎರಡೂ ನೆಲದಿಂದ ಮೊಣಕಾಲೆತ್ತರದಲ್ಲಿದ್ದವು.

ಇಬ್ಬರು ಪಂಚರನ್ನು ಕರೆಸಿ ಸ್ಥಳದ ಪಂಚನಾಮೆ ಮಾಡಿದರು. ದಾರವನ್ನು ಕವರಿಗೆ ಹಾಕಿ ಸೀಲು ಮಾಡಿದರು. ಓಣಿಯ ಎರಡೂ ತುದಿಗೆ ಬ್ಯಾರಿಕೇಡ್ ಹಾಕಿಸಿದರು. ಮಧ್ಯಾಹ್ನದ ಹೊತ್ತಿಗೆ ಹುಡುಗಿಯ ಅಣ್ಣ ಬಂದು ದೂರಿಗೆ ಸಹಿ ಹಾಕಿದ. ಅಪಘಾತ ಎಂದು ಶುರುವಾಗಿದ್ದು ಎಫ್‌ಐಆರ್‌ನಲ್ಲಿ ಕೊಲೆಯಾಯಿತು.

ಅಣ್ಣನಿಗೆ ಹೇಳಲು ಹೆಚ್ಚೇನೂ ಇರಲಿಲ್ಲ. ತಂಗಿಗೆ ಇಪ್ಪತ್ತಾರು. ಮದುವೆಯ ಮಾತು ನಡೆಯುತ್ತಿತ್ತು. ಯಾರ ಜೊತೆಗೂ ಜಗಳವಿಲ್ಲ.

"ಅವಳು ಬೆಳಗಿನ ಪಾಳಿಗೆ ಹೋಗೋದೇ ಇಲ್ಲ ಮೇಡಂ. ಯಾವಾಗ್ಲೂ ಸಂಜೆದು. ಇವತ್ತು ಇನ್ನೊಬ್ಬ ಗೈಡ್‌ನ ಮಗೂಗೆ ಜ್ವರ ಅಂತೆ. ನಾನು ಹೋಗ್ತೀನಿ ಬಿಡಿ ಅಂದ್ಲಂತೆ."

ಹಾಗಾದರೆ ದಾರ ಕಟ್ಟಿದ್ದು ಯಾರಿಗಾಗಿ? ಬೆಳಗಿನ ಪಾಳಿಯ ಗೈಡ್‌ನನ್ನು ಮನೆಯಿಂದಲೇ ಕರೆಸಿದರು. ಭುಜದ ಮೇಲೆ ಮಗುವಿನ ಟವೆಲ್ಲು ಹಾಗೇ ಇತ್ತು.

"ನಿನಗೆ ಯಾರಾದ್ರೂ ಶತ್ರುಗಳು?"

"ಆ ಓಣಿ ತುಂಬ ಶತ್ರುಗಳೇ ಮೇಡಂ. ನಮ್ಮನ್ನ ಕಂಡ್ರೆ ಯಾರಿಗೂ ಆಗಲ್ಲ. ಮೂಲೆ ಮನೆಯಾಕೆ ದಿನಾ ಪಾತ್ರೆ ತೊಳೆದ ನೀರು ಎರಚ್ತಾಳೆ."

ಮೂಲೆ ಮನೆಯಾಕೆ ಸೊಂಟಕ್ಕೆ ಕೈಯಿಟ್ಟುಕೊಂಡೇ ಬಾಗಿಲು ತೆರೆದಳು.

"ಎರಚಿದ್ದೀನಿ. ನಾಳೇನೂ ಎರಚ್ತೀನಿ. ಹಿಂದಿಂದ ಬರೋದು ಗೊತ್ತೇ ಆಗಲ್ಲ, ದೆವ್ವದ ಥರ. ಹಾಲಿನ ಪಾತ್ರೆ ಸಮೇತ ಬೀಳಿಸಿದ್ದಾರೆ ನನ್ನ. ಆದ್ರೆ ದಾರ ಕಟ್ಟೋ ಅಷ್ಟು ಪಾಪಿ ಅಲ್ಲ ನಾನು. ಕಟ್ಟಿದ್ರೆ ನೀವು ಬರೋ ಮೊದಲೇ ಊರಿಗೆಲ್ಲ ಹೇಳ್ಕೊಂಡು ಬರ್ತಿದ್ದೆ."

ಅವಳ ಬಾಯಿಯ ವಿಷಯದಲ್ಲಿ ಓಣಿಯ ಸಾಕ್ಷಿಗಳೆಲ್ಲ ಒಮ್ಮತದಲ್ಲಿದ್ದರು. ಈ ಬೈಕುಗಳಿಂದ ಬಾಡಿಗೆ ಕಳೆದುಕೊಂಡ ಆಟೋದವರನ್ನು ವಿಚಾರಿಸಿದರು. ಬೆಳಗ್ಗೆ ಅವರೆಲ್ಲ ಬಸ್‌ಸ್ಟ್ಯಾಂಡಿನ ಕ್ಯಾಮೆರಾದಲ್ಲೇ ಇದ್ದರು. ಸಂಜೆಗೆ ಕೈಯಲ್ಲಿ ಉಳಿದದ್ದು ಸೀಲು ಮಾಡಿದ ಕವರು ಒಂದೇ.

ಇನ್‌ಸ್ಪೆಕ್ಟರ್ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಮೂರು ಪ್ಲಾಸ್ಟಿಕ್ ಪಟ್ಟಿಗಳನ್ನು ಸೇರಿಸಿ ಹೆಣೆದ ದಾರ. ಒಂದು ಬಿಳಿ, ಒಂದು ಕೆಂಪು, ಒಂದು ಗಿಳಿಹಸಿರು.

"ಮಾವ, ಕಾಣಬಾರದು ಅಂತ ಕಟ್ಟೋನು ಕಪ್ಪು ದಾರ ತರ್ತಾನೆ. ಇವನು ಮದುವೆ ಚಪ್ಪರಕ್ಕೆ ಕಟ್ಟೋ ಥರ ಬಣ್ಣಬಣ್ಣದ್ದು ಯಾಕೆ ತಂದ?"

"ಸಿಕ್ಕಿದ್ದು ತಂದಿರ್ಬೇಕು," ಎನ್ನುತ್ತ ಹೆಡ್ ಕಾನ್‌ಸ್ಟೇಬಲ್ ಕವರಿನ ಕಡೆ ಬಾಗಿದ. ಬಾಗಿದವನು ಹಾಗೇ ನಿಂತ. ಆಮೇಲೆ ತಾನು ಕೂತಿದ್ದ ಕುರ್ಚಿಯನ್ನು ತಿರುಗಿಸಿ ಅದರ ಸೀಟಿನ ಮೇಲೆ ಕೈಯಾಡಿಸಿದ. ಅಷ್ಟೇ ಅಗಲದ, ಅಂಥದೇ ಪಟ್ಟಿ.

"ಕುರ್ಚಿ ಹೆಣೆಯೋ ಪಟ್ಟಿ ಇದು ಮೇಡಂ. ಈ ಕುರ್ಚಿಗಳನ್ನ ಹೆಣೆದು ಕೊಟ್ಟೋರು ಅದೇ ಓಣೀಲಿದ್ದಾರೆ. ಆದ್ರೆ ಅವರಾಗಿರಲ್ಲ."

"ಯಾಕೆ?"

"ಅವರಿಗೆ ಎರಡೂ ಕಣ್ಣು ಕಾಣಲ್ಲ."

ಇನ್‌ಸ್ಪೆಕ್ಟರ್ ಕವರನ್ನು ಮೇಜಿನ ಮೇಲಿಟ್ಟಳು. ಕಣ್ಣಿಲ್ಲದವನಿಗೆ ಬಿಳಿಯೂ ಒಂದೇ, ಕಪ್ಪೂ ಒಂದೇ.

ಪ್ರವಾಸಿಗರ ಹೇಳಿಕೆಗಳಲ್ಲಿ ಆ ಮುದುಕನ ಪ್ರಸ್ತಾಪ ಬಂದಿತ್ತು. 'ಗೈಡ್ ಬಿದ್ದ ಸದ್ದು ಕೇಳಿ ಕಣ್ಣು ಕಾಣದ ವೃದ್ಧರೊಬ್ಬರು ಕೂಗುತ್ತ ಓಡಿ ಬಂದರು' ಎಂದು ಸಾಲಿನಲ್ಲಿದ್ದ ನಾಲ್ವರೂ ಒಂದೇ ರೀತಿ ಹೇಳಿದ್ದರು. ಸಾಲಿನಲ್ಲಿ ಎರಡನೆಯವನಾಗಿದ್ದ ಪ್ರವಾಸಿಯ ಹೆಲ್ಮೆಟ್ಟಿನಲ್ಲಿ ಕ್ಯಾಮೆರಾ ಇತ್ತು. ಅದರ ವಿಡಿಯೋವನ್ನು ಮಧ್ಯಾಹ್ನ ಒಮ್ಮೆ ನೋಡಿದ್ದರು. ಈಗ ಕಣ್ಣು ಮುಚ್ಚಿಕೊಂಡು ಕೇಳಿದರು.

ಕಮಾನಿನೊಳಗೆ ಹುಡುಗಿಯ ದನಿ: "ಎಲ್ಲರೂ ಬ್ರೇಕ್ ಮೇಲೆ ಕೈ ಇಡಿ. ಮುಂದೆ ಮನೆಗಳಿವೆ. ಒಬ್ಬರು ಅಜ್ಜ ಇದ್ದಾರೆ, ಅವರಿಗೆ ನಮ್ಮ ಗಾಡಿ ಬರೋದು ಗೊತ್ತಾಗಲ್ಲ." ಹಿಂದೆಯೇ ಗಂಟೆಯ ಸದ್ದು, ಕಿಣಿಕಿಣಿ. ಅವಳ ಬೈಕಿಗೆ ಮಾತ್ರ ಹಿತ್ತಾಳೆಯ ಪುಟ್ಟ ಗಂಟೆಯೊಂದು ಕಟ್ಟಿತ್ತು. ಕಂಪನಿ ಕೊಟ್ಟದ್ದಲ್ಲ, ಅವಳೇ ಕಟ್ಟಿಕೊಂಡದ್ದು. ಆಮೇಲೆ ಕೆಳಗಿನಿಂದ ಒಂದು ಗಂಡು ದನಿ, ಗಂಟಲು ಹರಿಯುವಂತೆ: "ನಿಲ್ಲಮ್ಮಾ! ನಿಲ್ಲು!" ಹುಡುಗಿ, "ಅಜ್ಜಾ? ಯಾಕಜ್ಜಾ?" ಎಂದಳು. ಆಮೇಲೆ ಬಿದ್ದ ಸದ್ದು.

"ಇನ್ನೊಂದು ಸಲ ಹಾಕಿ ಮಾವ."

ಎರಡನೇ ಸಲ ಕೇಳಿದಾಗಲೂ ಕೂಗು ಮೊದಲೇ ಬಂತು.

ಬುಧವಾರ ಬೆಳಗ್ಗೆ ಇಬ್ಬರೂ ಆ ಮನೆಗೆ ಹೋದರು. ಒಂದೇ ಕೋಣೆ, ಪಕ್ಕದಲ್ಲಿ ಅಡುಗೆಯ ಮೂಲೆ. ಅರ್ಧ ಹೆಣೆದ ಎರಡು ಕುರ್ಚಿ. ಗೋಡೆಯ ಮೊಳೆಗಳಿಗೆ ತೂಗುಹಾಕಿದ್ದ ಪಟ್ಟಿಗಳ ಸುರುಳಿಗಳಿಗೆ ಬಣ್ಣ ಗುರುತಿಸಲೆಂದು ಗುಂಡಿಗಳನ್ನು ಕಟ್ಟಿತ್ತು: ಬಿಳಿಗೆ ಒಂದು, ಕೆಂಪಿಗೆ ಎರಡು. ನೆಲದ ಡಬ್ಬಿಯಲ್ಲಿ ಗುಂಡಿಯಿಲ್ಲದ ಚೂರುಪಾರು ಬೆರೆತು ಬಿದ್ದಿತ್ತು. ಬಾಗಿಲ ಹೊರಗೆ ಬೀಗದ ಚಿಲಕ. ಮಗಳು ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುವವಳು, ಕೆಲಸಕ್ಕೆ ಹೊರಟು ನಿಂತಿದ್ದಳು.

"ನಿನ್ನೆ ಸದ್ದು ಕೇಳಿ ಓಡಿದ್ದು ಬಿಟ್ರೆ ಅಪ್ಪ ಹೊರಗೇ ಹೋಗಲ್ಲ ಮೇಡಂ. ನಾನೇ ಬೀಗ ಹಾಕ್ಕೊಂಡು ಹೋಗ್ತೀನಿ. ಇನ್ನೊಂದು ಸಲ ಬಿದ್ರೆ ಯಾರು ನೋಡ್ಕೋಬೇಕು?"

ಮುದುಕ ಕಿಟಕಿಯ ಪಕ್ಕದ ಸ್ಟೂಲಿನ ಮೇಲಿದ್ದ. ಬೂಟಿನ ಸದ್ದಿಗೆ ಮುಖ ಎತ್ತಿದ.

"ಇಬ್ಬರು ಬಂದಿದ್ದೀರಿ. ಒಬ್ಬರಿಗೆ ಎಡಗಾಲು ನೋವಿದೆ."

"ನನಗೇ," ಎಂದ ಹೆಡ್ ಕಾನ್‌ಸ್ಟೇಬಲ್.

ಇನ್‌ಸ್ಪೆಕ್ಟರ್ ನೆಲದ ಮೇಲೆ ಕೂತಳು. "ಅಜ್ಜ, ನಿನ್ನೆ ನೀವು ಕೂಗಿದ್ರಿ."

"ಹೌದು."

"ಅವಳು ಬಿದ್ದ ಮೇಲಲ್ಲ. ಬೀಳೋ ಮೊದಲೇ."

"ಹೌದು."

"ಬೀಳ್ತಾಳೆ ಅಂತ ಹೇಗೆ ಗೊತ್ತಾಯ್ತು?"

"ಅಪ್ಪಾ, ಸುಮ್ಮನಿರು," ಎಂದಳು ಮಗಳು. ಅವಳಿಗೂ ಅದು ಆಗಷ್ಟೇ ಹೊಳೆದಂತಿತ್ತು. ಕೈಚೀಲ ಭುಜದಿಂದ ಜಾರಿ ಮೊಣಕೈಗೆ ಬಂದಿತ್ತು.

"ಕಟ್ಟಿದೋನಿಗೆ ಗೊತ್ತಿರಲ್ವಾ ಮೇಡಂ," ಎಂದ ಮುದುಕ.

ಆಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಬಂತು. ಮಗಳು ಸ್ನಾನಕ್ಕೆ ಹೋದಾಗ ಗೋಡೆ ಹಿಡಿದು ಮೇಲೆ ಹತ್ತಿದ್ದ. ಬೆಳಗಿನ ಪಾಳಿಯವನು ಗಂಟೆ ಬಾರಿಸುವವನಲ್ಲ, ಯಮವೇಗದಲ್ಲಿ ಇಳಿಯುವವನು. ತನ್ನನ್ನು ಎರಡು ಸಲವೂ ಬೀಳಿಸಿದ್ದು ಅವನ ಸಾಲೇ. ಮೊದಲ ಸಲ ಮಣಿಕಟ್ಟು, ಎರಡನೇ ಸಲ ಪಕ್ಕೆಲುಬು.

"ಸಾಯಿಸಬೇಕು ಅಂತ ಇತ್ತಾ?"

"ಬೀಳಬೇಕು ಅಂತ ಇತ್ತು. ಕೈಯೋ ಕಾಲೋ ಮುರೀಲಿ, ಈ ಓಣಿಯ ಸಹವಾಸ ಬೇಡಪ್ಪಾ ಅಂತ ಬೇರೆ ದಾರಿ ಹಿಡೀಲಿ ಅಂತ."

"ನಡ್ಕೊಂಡು ಬರೋರು ಎಡವಿದ್ರೆ?"

"ನಡೆಯೋರ ಹೆಜ್ಜೆ ಕೇಳುತ್ತೆ. ಕಿಟಕೀಲೇ ಕೂತಿದ್ದೆ, ಕೂಗಿ ಹೇಳ್ತಿದ್ದೆ. ಇವು ಮಾತ್ರ ಕೇಳಲ್ಲ." ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. "ಗಂಟೆ ಕೇಳ್ತು. ಸಂಜೆ ಬರೋ ಗಂಟೆ ಬೆಳಗ್ಗೆ ಯಾಕೆ ಬಂತು ಅಂತ ಒಂದು ಕ್ಷಣ ತಿಳೀಲಿಲ್ಲ. ಆ ಒಂದು ಕ್ಷಣ ಹೋಯ್ತು. ಆಮೇಲೆ ಕೂಗ್ತಾ ಓಡಿದೆ, ಬಾಗಿಲಿಗೆ ಇನ್ನೂ ಬೀಗ ಬಿದ್ದಿರ್ಲಿಲ್ಲ. ಅವಳು ನನ್ನ ಕಡೆ ನೋಡಿದ್ಲಂತಲ್ಲ? ನಾನು ಕೂಗದೆ ಇದ್ದಿದ್ರೆ ಮುಂದೆ ನೋಡ್ತಿದ್ಲು. ಬಿಸಿಲಿತ್ತು. ದಾರ ಕಾಣ್ತಿತ್ತಾ ಮೇಡಂ?"

ಇನ್‌ಸ್ಪೆಕ್ಟರ್‌ಗೆ ಸುಳ್ಳು ಹೇಳುವುದು ಕಷ್ಟವಾಗಿರಲಿಲ್ಲ. ಆದರೆ ಬಿಳಿ, ಕೆಂಪು, ಹಸಿರು ಅವಳ ನಾಲಿಗೆಗೆ ಅಡ್ಡ ಬಂದವು.

"ಗೊತ್ತಿಲ್ಲ ಅಜ್ಜ," ಎಂದಳು.

"ಕಂಪನಿಗೆ ದೂರು ಕೊಟ್ಟಿರ್ಲಿಲ್ವಾ?" ಹೆಡ್ ಕಾನ್‌ಸ್ಟೇಬಲ್ ಕೇಳಿದ.

"ಕೊಟ್ಟಿದ್ವಿ. ತುಂಬಾ ಬೇಜಾರು ಮಾಡ್ಕೊಂಡ್ರು. ಬಾಗಿಲ ಮುಂದೆನೇ ಒಂದು ಬೋರ್ಡ್ ಹಾಕಿಸಿದ್ರು, ಗಾಡಿಗಳು ಬರುತ್ತವೆ, ನೋಡಿಕೊಂಡು ನಡೆಯಿರಿ ಅಂತ. ಮಗಳು ಓದಿ ಹೇಳಿದ್ಲು."



ಪಂಚರ ಮುಂದೆ ಡಬ್ಬಿಯನ್ನೂ ಸುರುಳಿಗಳನ್ನೂ ವಶಪಡಿಸಿಕೊಂಡರು. ಹೇಳಿಕೆಯನ್ನು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡರು. ದಸ್ತಗಿರಿ ಮಾಡಿರುವುದಾಗಿ ಇನ್‌ಸ್ಪೆಕ್ಟರ್ ತಿಳಿಸಿದಾಗ ಮುದುಕ ತಲೆಯಾಡಿಸಿದ. ಮಗಳು ಅಳಲಿಲ್ಲ, ಚೀಲಕ್ಕೆ ಪಂಚೆ, ಟವೆಲ್ಲು ತುಂಬುತ್ತ ಹೆಡ್ ಕಾನ್‌ಸ್ಟೇಬಲ್ ಹತ್ತಿರ ಒಂದೇ ಕೇಳಿದಳು.

"ಅಲ್ಲಿ ಬಚ್ಚಲು ಎಲ್ಲಿದೆ ಅಂತ ಮೊದಲ ದಿನ ಯಾರಾದ್ರೂ ಕೈ ಹಿಡಿದು ತೋರಿಸ್ತಾರಾ ಸರ್? ಒಂದೇ ಸಲ ತೋರಿಸಿದ್ರೆ ಸಾಕು."

"ಹೇಳ್ತೀನಮ್ಮ," ಎಂದ. ಯಾರಿಗೆ ಹೇಳಬೇಕೆಂದು ಅವನಿಗೂ ಗೊತ್ತಿರಲಿಲ್ಲ.

ಜೀಪು ಚೌಕದಲ್ಲಿತ್ತು. ಹೊಸ್ತಿಲು ದಾಟಿದೊಡನೆ ಹೆಡ್ ಕಾನ್‌ಸ್ಟೇಬಲ್ ಮುದುಕನ ತೋಳು ಹಿಡಿಯಹೋದ.

"ಗಾಡಿ ಬರ್ತವಾ?"

"ಇಲ್ಲ. ಎರಡೂ ಕಡೆ ಬಂದ್ ಮಾಡಿದ್ದೀವಿ."

"ಹಾಗಾದ್ರೆ ಕೈ ಬಿಡಿ."

ಹೆಡ್ ಕಾನ್‌ಸ್ಟೇಬಲ್ ಮೇಡಂ ಮುಖ ನೋಡಿದ. ಆಕೆ ತಲೆಯಾಡಿಸಿದಳು. ಮುದುಕ ಗೋಡೆ ಮುಟ್ಟದೆ ಓಣಿಯ ನಟ್ಟನಡುವೆ ಇಳಿದ. ಎಲ್ಲಿ ಕಲ್ಲು ಎದ್ದಿದೆ, ಎಲ್ಲಿ ಇಳಿಜಾರು ಕಡಿದಾಗುತ್ತದೆ ಎಂಬುದೆಲ್ಲ ಪಾದಕ್ಕೆ ನೆನಪಿತ್ತು. ಮೂಲೆ ಮನೆಯಾಕೆ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡಿದ್ದಳು. ಚಹಾ ಅಂಗಡಿಯ ಮುಂದೆ ಅವನ ಹೆಜ್ಜೆ ತಾನಾಗಿಯೇ ನಿಧಾನವಾಯಿತು. ಅಂಗಡಿಯವನು ಒಳಗೆ ಕೂತಿದ್ದ ಗಿರಾಕಿಗಳ ಕಡೆ ತಿರುಗಿ ನಿಂತ. ಮುದುಕ ಮುಂದೆ ನಡೆದ. ಜೀಪಿನ ಬಾಗಿಲು ಹಾಕುವಾಗ ಅವನ ಬೆರಳು ಸಿಕ್ಕಿಕೊಳ್ಳದಂತೆ ಇನ್‌ಸ್ಪೆಕ್ಟರೇ ಕೈ ಅಡ್ಡ ಇಟ್ಟಳು.

ಸಂಜೆ ಹುಡುಗಿಯ ಅಣ್ಣ ಠಾಣೆಗೆ ಬಂದ. ಬೆಂಚಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡ.

"ಅವಳ ಮೇಲೆ ಅವರಿಗೆ ದ್ವೇಷ ಇತ್ತಾ ಮೇಡಂ?"

"ಇರಲಿಲ್ಲ. ಅವಳೊಬ್ಬಳ ಗಾಡಿ ಬಂದ್ರೆ ಅವರಿಗೆ ಸಮಾಧಾನ ಆಗ್ತಿತ್ತು."

"ಹಾಗಾದ್ರೆ ನಾನು ಯಾರ ಮೇಲೆ ಸಿಟ್ಟು ಮಾಡ್ಕೊಳ್ಳಿ?"

ಕಂಪನಿಯ ಯಜಮಾನನ ಹೆಸರು ಇನ್‌ಸ್ಪೆಕ್ಟರ್‌ನ ಬಾಯಿತನಕ ಬಂತು. ಆದರೆ ಯಾವ ಕಲಮಿನಡಿ? ಬೋರ್ಡು ಹಾಕಿಸಿದ್ದು ಅಪರಾಧವಲ್ಲ. ಅಣ್ಣ ತಂಗಿಯ ಹೆಲ್ಮೆಟ್ಟು ಯಾವಾಗ ಸಿಗುತ್ತದೆಂದು ಕೇಳಿದ. ಕೇಸು ಮುಗಿದ ಮೇಲೆ ಎಂದಳು.

ಮುಂದಿನ ವಾರ ಬ್ಯಾರಿಕೇಡ್ ತೆಗೆದರು. ಬೆಳಗಿನ ಪಾಳಿಯ ಗೈಡ್ ಕೆಲಸ ಬಿಟ್ಟಿದ್ದ. ಅವನ ಜಾಗಕ್ಕೆ ಹೊಸಬನೊಬ್ಬ ಬಂದು ಸಾಲನ್ನು ಅದೇ ಓಣಿಯಲ್ಲಿ ಇಳಿಸತೊಡಗಿದ. ಕುರ್ಚಿ ಹೆಣೆಯುವ ಮನೆಗೆ ಹೊರಗಿನಿಂದ ಬೀಗ ಹಾಕುವ ಅಗತ್ಯ ಉಳಿದಿರಲಿಲ್ಲ. ಆದರೂ ಮಗಳು ಹಾಕಿಕೊಂಡೇ ಹೋಗುತ್ತಿದ್ದಳು.

ದೋಷಾರೋಪ ಪಟ್ಟಿಯಲ್ಲಿ ಕೃತ್ಯದ ಉದ್ದೇಶ ಬರೆಯಬೇಕಾದ ಕಡೆ ಇನ್‌ಸ್ಪೆಕ್ಟರ್ ಬಹಳ ಹೊತ್ತು ಪೆನ್ನು ಹಿಡಿದು ಕೂತಳು. ಹುಟ್ಟಿನಿಂದ ಕುರುಡನಾದವನು ಇಡೀ ಲೋಕದಲ್ಲಿ ಒಂಟಿಯಾಗಿ, ಯಾರ ಕೈಯನ್ನೂ ಹಿಡಿಯದೆ ಓಡಾಡಬಲ್ಲ ಜಾಗ ಆ ಓಣಿಯೊಂದೇ ಆಗಿತ್ತು. ಕೊನೆಗೆ ಬರೆದಳು: 'ಆರೋಪಿಯು ಮೊದಲಿನಂತೆ ಪ್ರತಿದಿನ ಬೆಳಗ್ಗೆ ತಾನೊಬ್ಬನೇ ನಡೆದುಹೋಗಿ ಚಹಾ ಕುಡಿದು ಬರಲು ಬಯಸಿದ್ದನು.'

ಸರ್ಕಾರಿ ವಕೀಲರು ಓದಿ ಕಾಗದ ವಾಪಸು ಕೊಟ್ಟರು. "ಇದು ಉದ್ದೇಶ ಅಂತ ಅನ್ಸಲ್ಲ ಮೇಡಂ. ಕೋರ್ಟಲ್ಲಿ ನಿಲ್ಲಲ್ಲ."

ಆಕೆ ಆ ಸಾಲನ್ನು ಹೊಡೆದುಹಾಕಿ, 'ಹಳೆಯ ದ್ವೇಷ' ಎಂದು ಬರೆದು ಸಹಿ ಮಾಡಿದಳು.